ನನ್ನ ಮುಯ್ಯಿ ಬಿಡಲು ಇವರ್ಯಾರು

ಗಂಗರತ್ನಮ್ಮ ನನ್ನ ಮುಯ್ಯಿ ಬಿಟ್ಟುಬಿಟ್ಟಿದ್ದಾಳೆ ಎನ್ನುವುದು ನನಗೆ ತಿಳಿದದ್ದು ಹಾಲಿನ ಡೈರಿಯ ಮುಂದೆ. ಹೇಳಿದವಳು ಪಕ್ಕದ ಮನೆಯ ಆದಿಲಕ್ಷ್ಮಿ. ಶುಭ ಸಮಾಚಾರ ತಂದವಳ ಹಾಗೆ ನಗುತ್ತಾ ಹೇಳಿದಳು, ನಾನೂ ನಕ್ಕೆ. ಮನೆಗೆ ಬಂದು ಖಾಲಿ ಹಾಲಿನ ಪಾತ್ರೆಯನ್ನು ಅಂಗಳಕ್ಕೆ ಎಸೆದೆ. ಅದು ಡಣಡಣ ಉರುಳಿ ಹೋಗಿ, ತನ್ನ ಪಾಡಿಗೆ ಕೆದಕುತ್ತಿದ್ದ ಕೋಳಿಯೊಂದನ್ನು ಬೇಲಿ ಹಾರಿಸಿತು. ಆ ಕೋಳಿಗೆ ಈಗಲೂ ನನ್ನನ್ನು ಕಂಡರೆ ಆಗುವುದಿಲ್ಲ.

ಮುಯ್ಯಿ ಎಂದರೇನು ಎಂದು ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ರಾಯಲ್ಪಾಡಿನ ಕಡೆ ಕೂಲಿಯಾಳು ಸಿಗುವುದು ಕಷ್ಟ, ಸಿಕ್ಕವರೂ ಗಿಡಕ್ಕಿಂತ ಫೋನನ್ನೇ ಹೆಚ್ಚು ನೋಡುತ್ತಾರೆ. ಅದಕ್ಕೇ ನಮ್ಮ ಬೀದಿಯ ಹೆಂಗಸರು ಒಬ್ಬರ ತೋಟಕ್ಕೆ ಒಬ್ಬರು ಹೋಗಿ ದುಡಿಯುತ್ತೇವೆ. ಇವತ್ತು ನೀವೆಲ್ಲ ಬಂದು ನನ್ನ ಟೊಮೇಟೊ ಗಿಡಗಳಿಗೆ ದಾರ ಕಟ್ಟಿದರೆ, ನಾಳೆ ನಾನು ನಿಮ್ಮ ರಾಗಿಯಲ್ಲಿ ಕಳೆ ಕೀಳುತ್ತೇನೆ. ಕಾಸಿನ ಮಾತಿಲ್ಲ, ಬರೆದಿಡುವುದಿಲ್ಲ, ಆಳಿಗೆ ಆಳು. ಮಾತು ಬಿಟ್ಟ ಓರಗಿತ್ತಿಯರೂ ಮುಯ್ಯಿಯ ದಿನ ಒಂದೇ ಮರದ ಕೆಳಗೆ ಬುತ್ತಿ ಬಿಚ್ಚುತ್ತಾರೆ. ಮುಯ್ಯಿ ಬಿಡುವುದು, ಅಂದರೆ ಬಾಕಿ ಕೆಲಸ ಬೇಡವೆನ್ನುವುದು, ಎರಡೇ ಸಂದರ್ಭದಲ್ಲಿ. ಒಂದು, ಕೊಡಬೇಕಾದವಳು ಸತ್ತಾಗ. ಇನ್ನೊಂದು, ಜಮೀನು ಮಾರಿಕೊಂಡು ಊರು ಬಿಟ್ಟಾಗ. ನಾನು ಸತ್ತಿರಲಿಲ್ಲ. ನಮ್ಮ ಜಮೀನೂ ಇದ್ದಲ್ಲೇ ಇತ್ತು.

ಗಂಗರತ್ನಮ್ಮ ಈ ಮುಯ್ಯಿ ಗುಂಪಿನ ಯಜಮಾನಿ. ಊರ ವರಸೆಯಲ್ಲಿ ನನಗೆ ದೊಡ್ಡಮ್ಮ. ಅರವತ್ತು ದಾಟಿದರೂ ಸಾಲಿನಲ್ಲಿ ಅವಳೇ ಮುಂದೆ, ಬಾಯಲ್ಲಿ ಎಲ್ಲರಿಗಿಂತ ಮುಂದೆ. ಸಣ್ಣ ತಪ್ಪಿಗೆ ಕನ್ನಡದಲ್ಲಿ ಬೈಯುತ್ತಾಳೆ, ದೊಡ್ಡ ತಪ್ಪಿಗೆ ತೆಲುಗಿಗೆ ಹೋಗುತ್ತಾಳೆ. ಮದುವೆಯಾಗಿ ಈ ಊರಿಗೆ ಬಂದಾಗ ನನಗೆ ದಾರ ಕಟ್ಟಲು ಕಲಿಸಿದವಳೂ ಅವಳೇ. ಕಲಿಸುತ್ತಾ ಬೈದದ್ದರಲ್ಲಿ ನಮ್ಮ ತವರು ಮುಳಬಾಗಿಲಿನ ಮೂರು ತಲೆಮಾರು ಸೇರಿತ್ತು.

ಇನ್ನು ನನ್ನ ವಿಷಯ. ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆ. ಮೊದಲು ಒಂದು ಕಣ್ಣು ಮಂಜಾಯಿತು, ಆಮೇಲೆ ಎಡಗಾಲು ಜೋಮು ಹಿಡಿದು ಬಿಡಲೇ ಇಲ್ಲ. ಕೋಲಾರದ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಅಲ್ಲಿ ತಲೆಯನ್ನು ಒಂದು ಗವಿಯೊಳಗೆ ತೂರಿಸಿ ಫೋಟೋ ತೆಗೆದು, ನರಗಳ ಮೇಲಿನ ಹೊದಿಕೆಯನ್ನು ನನ್ನ ಮೈಯೇ ಕೆರೆದು ಹಾಕುತ್ತಿದೆ ಎಂದರು. ಔಷಧಿ ಕೊಟ್ಟರು. ಕಣ್ಣು ತಿಳಿಯಾಯಿತು, ಕಾಲೂ ಮುಕ್ಕಾಲು ಪಾಲು ಬಂತು. ಬಾರದೆ ಉಳಿದದ್ದು ಶಕ್ತಿ. ಇದನ್ನು ಸುಸ್ತು ಎಂದರೆ ಜನ ತಮ್ಮ ಸುಸ್ತನ್ನು ನೆನೆಸಿಕೊಂಡು ತಲೆಯಾಡಿಸುತ್ತಾರೆ. ಅವರ ಸುಸ್ತು ಉಂಡು ಮಲಗಿದರೆ ಹೋಗುತ್ತದೆ. ನನ್ನದು ಮಲಗಿ ಎದ್ದಾಗಲೇ ಹಾಸಿಗೆಯ ಪಕ್ಕದಲ್ಲಿ ಕಾದು ಕೂತಿರುತ್ತದೆ. ಬಿಸಿಲು ಬಿದ್ದರಂತೂ ಕೈಯಲ್ಲಿರುವ ಚೊಂಬು ಕೂಡ ಭಾರ, ನಾಲಿಗೆಯೂ ಭಾರ. ನಾನು ಏರಿಗೆಳೆದರೆ ಮೈ ನೀರಿಗೆಳೆಯುತ್ತದೆ.

ಕಷ್ಟವೇನೆಂದರೆ ನೋಡುವುದಕ್ಕೆ ನಾನು ಚೆನ್ನಾಗಿಯೇ ಇದ್ದೇನೆ. ಔಷಧಿಗೆ ಮುಖ ದುಂಡಗಾಗಿ ಮೊದಲಿಗಿಂತ ಲಕ್ಷಣವಾಗಿಯೇ ಕಾಣುತ್ತೇನೆ. ಹೊರಗೆ ತಳುಕು, ಒಳಗೆ ಹುಳುಕು. ಕೆಲವರು ಕುಣಿಯಲಾರದವಳಿಗೆ ನೆಲ ಡೊಂಕು ಎಂದರು. ಅಂಥವರ ಬಾಯಿ ಮುಚ್ಚಿಸುವುದು ನನಗೆ ಗೊತ್ತು. ಗೊತ್ತಿಲ್ಲದ್ದು ಕನಿಕರ ಪಡುವವರ ಬಾಯಿ ಮುಚ್ಚಿಸುವುದು.

ಬೆಂಗಳೂರಿನ ಡಾಕ್ಟರಮ್ಮ ಒಮ್ಮೆ, ಅನಿತ, ಮನಸ್ಸು ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಮೇಡಂ ಎಂದೆ. ಪಕ್ಕದಲ್ಲಿದ್ದ ನನ್ನ ಗಂಡ ಭೀಮರಾಜ್, ಪರೀಕ್ಷೆಯಲ್ಲಿ ಉತ್ತರ ಗೊತ್ತಿರುವ ಹುಡುಗನ ಹಾಗೆ ಕೈಯೆತ್ತಿ, ದನದ ಕೊಟ್ಟಿಗೆಗೆ ಹೋಗಿ ಅಳ್ತಾಳೆ ಮೇಡಂ ಎಂದರು. ಈ ಕಾಯಿಲೆಯಲ್ಲಿ ಮನಸ್ಸು ಕುಗ್ಗುವುದೂ ಕಾಯಿಲೆಯ ಭಾಗವೇ, ನಾಚಿಕೆಪಡಬೇಡಿ ಎಂದು ಆಕೆ ಸಮಾಧಾನ ಹೇಳಿದರು. ಕೆಲಸವನ್ನು ತುಂಡು ತುಂಡು ಮಾಡಿಕೊಳ್ಳಿ, ಬಿಸಿಲೇರುವ ಮುಂಚೆ ಮಾಡಿ, ಆಗದ ದಿನ ಆಗದು ಎಂದು ಬಾಯಿಬಿಟ್ಟು ಹೇಳಿ ಎಂದರು. ಮೊದಲ ಎರಡು ಸುಲಭ. ಮೂರನೆಯದನ್ನು ನಮ್ಮೂರಲ್ಲಿ ಯಾವ ಸೊಸೆಯೂ ಇದುವರೆಗೆ ಮಾಡಿಲ್ಲ.

ಈ ಸಲ ನಮ್ಮ ಟೊಮೇಟೊಗೆ ಎಲ್ಲರೂ ಬಂದು ದಾರ ಕಟ್ಟಿಕೊಟ್ಟಿದ್ದರು. ಗಂಗರತ್ನಮ್ಮನ ತೋಟಕ್ಕೆ ಹೋಗುವ ಸರದಿ ಬಂದಾಗ ನಾನು ಹಾಸಿಗೆ ಹಿಡಿದೆ. ಅವಳಿಗೆ ನಾನು ಕೊಡಬೇಕಾದ ಒಂದು ಆಳು, ಒಂದು ದಿನದ ದುಡಿಮೆ, ಬಾಕಿ ಉಳಿಯಿತು. ಆ ಬಾಕಿಯನ್ನೇ ನಾನು ದೇವರ ಗೂಡಿನ ದೀಪದ ಹಾಗೆ ಕಾಪಾಡಿಕೊಂಡಿದ್ದೆ. ಬಾಕಿ ಇರುವವರೆಗೆ ನಾನೂ ಗುಂಪಿನಲ್ಲಿ ಒಬ್ಬಳು. ಕೆಲಸ ಮಾಡಲಾಗದ ದುಃಖಕ್ಕಿಂತ, ಇವಳಿಗೆ ಇನ್ನು ಕೆಲಸ ಹೇಳುವುದು ಬೇಡ ಎಂದು ಜನ ತೀರ್ಮಾನಿಸುವ ದುಃಖ ದೊಡ್ಡದು. ಅದನ್ನು ಅನುಭವಿಸಿಯೇ ತಿಳಿಯಬೇಕು.

ಪಾತ್ರೆ ಎಸೆದ ಸದ್ದಿಗೆ ಭೀಮರಾಜ್ ಹೊರಗೆ ಬಂದರು. ಮುಯ್ಯಿ ಯಾಕೆ ಬಿಟ್ಟಳಂತೆ ಎಂದು ಕೇಳಿದೆ. ಅವರು ಪಾತ್ರೆಯನ್ನು ಎತ್ತಿ ಅದರ ಗುಳಿಯನ್ನೇ ನೋಡುತ್ತಾ ನಿಂತರು. ಈ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ, ಬರುವುದು ಪಾತ್ರೆ ನೋಡುವುದೊಂದೇ. ಸ್ವಲ್ಪ ಜೋರು ಮಾಡಿದ ಮೇಲೆ ಎಲ್ಲ ಹೊರಬಂತು. ಹಿಂದಿನ ವಾರ ನಾನು ಮಧ್ಯಾಹ್ನ ಮಲಗಿದ್ದಾಗ ಇವರು ನನ್ನ ಬದಲಿಗೆ ಗಂಗರತ್ನಮ್ಮನ ತೋಟಕ್ಕೆ ಹೋಗಿದ್ದಾರೆ. ಹೆಂಗಸರ ಮುಯ್ಯಿಗೆ ಗಂಡಸು! ಅದನ್ನೂ ಸಹಿಸಿಕೊಳ್ಳಬಹುದು. ಟೊಮೇಟೊ ಗಿಡಕ್ಕೆ ದಾರವನ್ನು ಸಡಿಲವಾಗಿ ಸುತ್ತಿ ಕಡ್ಡಿಗೆ ಕಟ್ಟಬೇಕು, ಕಾಂಡ ದಪ್ಪವಾಗಲು ಜಾಗ ಬಿಡಬೇಕು. ನಮ್ಮ ಯಜಮಾನರು ಹೋರಿಗರುವನ್ನು ಗೂಟಕ್ಕೆ ಬಿಗಿಯುವ ಗಂಟನ್ನೇ ಹಾಕಿದ್ದಾರೆ. ಅವರಿಗೆ ಬರುವ ಗಂಟು ಅದೊಂದೇ. ಮರುದಿನದ ಹೊತ್ತಿಗೆ ಒಂದಿಡೀ ಸಾಲು ಕತ್ತು ಹಿಸುಕಿಸಿಕೊಂಡು ತಲೆ ಬಗ್ಗಿಸಿತ್ತು. ಗಂಗರತ್ನಮ್ಮ ಒಂದೊಂದು ಗಂಟನ್ನೂ ಬಿಚ್ಚಿ, ಈ ಮುಯ್ಯಿ ತೀರುವುದರೊಳಗೆ ತನ್ನ ತೋಟವೇ ತೀರಿಹೋಗುತ್ತದೆ ಎಂದಳಂತೆ. ಆಮೇಲೆ ಪಾಪ, ಆ ಹುಡುಗಿಗೆ ಯಾಕೆ ತೊಂದರೆ, ಬಿಟ್ಟಿದ್ದೀನಿ ಹೋಗು ಎಂದಳಂತೆ.

ತೋಟ ಉಳಿಯಲಿ ಎಂದು ಬಿಟ್ಟಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆ ಪಾಪ ಎನ್ನುವ ಮಾತು ನನ್ನ ಎದೆಗೆ ಬಡಿಯಿತು. ಸಂಜೆ ಸೀದಾ ಅವಳ ಮನೆಗೆ ಜಗಳಕ್ಕೆ ಹೋದೆ. ಅವಳು ಜಗಳವಾಡಲಿಲ್ಲ. ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು ಸೆರಗಿನಲ್ಲಿ ಒರೆಸಿ ಹಾಕಿದಳು. ಇಷ್ಟು ವರ್ಷದಲ್ಲಿ ಅವಳ ಮನೆಯ ಕುರ್ಚಿ ನಾನು ಕಂಡಿರಲಿಲ್ಲ, ಅದು ಬ್ಯಾಂಕಿನವರು ಬಂದಾಗ ಹೊರಬರುವ ಕುರ್ಚಿ. ಕಾಫಿ ಕೊಟ್ಟಳು, ಅದಕ್ಕೆ ಸಕ್ಕರೆ ಸಾಕಾ ಎಂದು ಕೇಳಿದಳು. ನಾನು ಏನು ಹೇಳಿದರೂ ಹೂಂಗುಟ್ಟಿ, ನೀನು ಆರಾಮಾಗಿರಮ್ಮ ಎಂದಳು. ಗಂಗರತ್ನಮ್ಮನ ಬಾಯಲ್ಲಿ ಅಮ್ಮ! ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಸಾಯುವವರ ಹತ್ತಿರ ಮಾತ್ರ ಅವಳು ಇಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕಂಡಿದ್ದೇನೆ.

ಮರುದಿನ ಬೆಳಕು ಹರಿಯುವ ಮುಂಚೆ ಎದ್ದೆ. ಭೀಮರಾಜ್ ಗೊರಕೆ ಹೊಡೆಯುತ್ತಿದ್ದರು. ದಾರದ ಉಂಡೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಗರತ್ನಮ್ಮನ ತೋಟಕ್ಕೆ ಹೋದೆ. ಯಾರೂ ಬರುವ ಮುಂಚೆ ನನ್ನ ಪಾಲಿಗೆ ಕಟ್ಟದೆ ಉಳಿದಿದ್ದ ಸಾಲುಗಳನ್ನು ಮುಗಿಸಿ, ಬಂದವರ ಮುಂದೆ ಕೈ ಝಾಡಿಸಿ ಮನೆಗೆ ನಡೆಯುವುದು ನನ್ನ ಲೆಕ್ಕಾಚಾರ. ಮೊದಲ ಸಾಲು ಮುಗಿದದ್ದೇ ತಿಳಿಯಲಿಲ್ಲ. ಇಬ್ಬನಿಗೆ ಒದ್ದೆಯಾದ ಎಲೆಯ ವಾಸನೆ, ಬೆರಳಿಗೆ ಅಂಟುವ ಹಸಿರು, ನನ್ನ ಹಳೆಯ ಕೈಗಳು ನನಗೆ ವಾಪಸು ಸಿಕ್ಕವು. ಖುಷಿಯಿಂದ ಕಣ್ಣಲ್ಲಿ ನೀರೇ ಬಂತು. ಎರಡನೇ ಸಾಲಿನ ಕೊನೆಗೆ ಎಡಗಾಲು ಎಳೆಯತೊಡಗಿತು. ಬುದ್ಧಿ ಇದ್ದವಳು ಅಲ್ಲಿಗೆ ಕೂರುತ್ತಿದ್ದಳು. ನನಗೆ ಇದ್ದದ್ದು ಸಿಟ್ಟು, ಮೂರನೇ ಸಾಲಿಗೆ ಕೈ ಹಾಕಿದೆ. ಸೂರ್ಯನೂ ಸಮಯ ನೋಡಿಕೊಂಡೇ ಗುಡ್ಡ ಹತ್ತಿದ.

ಮೂರನೇ ಸಾಲಿನ ನಡುವೆ ಕೈ ಮೇಲೇಳಲಿಲ್ಲ. ಬೀಳಲಿಲ್ಲ, ಮೆಲ್ಲಗೆ ಕೂತೆ, ಆಮೇಲೆ ಮಲಗಿದೆ. ಕಣ್ಣು ಬಿಟ್ಟುಕೊಂಡೇ ಇದ್ದೆ, ಎಲ್ಲವೂ ತಿಳಿಯುತ್ತಿತ್ತು. ಮೂಗಿನ ಮೇಲೆ ಒಂದು ಕಾಯಿ ತೂಗಾಡುತ್ತಿತ್ತು, ಅದನ್ನು ಸರಿಸುವಷ್ಟೂ ಶಕ್ತಿಯಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಮೈ ತಾನಾಗಿ ತಿರುಗಿ ಬರುತ್ತದೆಂದು ನನಗೆ ಗೊತ್ತು. ಆ ಸ್ವಲ್ಪ ಹೊತ್ತನ್ನು ನನಗೆ ಯಾರೂ ಕೊಡಲಿಲ್ಲ.

ಮೊದಲು ಬಂದವಳು ಆದಿಲಕ್ಷ್ಮಿ. ಗಿಡಗಳ ನಡುವೆ ಎರಡು ಕಾಲು ಕಂಡು ಕಿರುಚಿಕೊಂಡಳು. ಹಿಂದೆಯೇ ಓಡಿಬಂದ ಗಂಗರತ್ನಮ್ಮ ನನ್ನ ಮುಖ ನೋಡಿ, ಕಾಲು ನೋಡಿ, ಪಾಮು ಪಾಮು ಎಂದು ತೆಲುಗಿಗೆ ಹೋದಳು. ಟೊಮೇಟೊ ತೋಟದಲ್ಲಿ ಹೆಂಗಸು ಬಿದ್ದಿದ್ದರೆ ನಮ್ಮ ಕಡೆ ಮೊದಲು ಬರುವ ಯೋಚನೆ ಹಾವಿನದೇ. ಹಾವಲ್ಲ ಎಂದು ನಾನು ಹೇಳಹೊರಟೆ. ನಾಲಿಗೆ ಏಳುವುದರೊಳಗೆ, ನನ್ನ ಸೊಂಟದಲ್ಲಿದ್ದ ದಾರವನ್ನೇ ಎಳೆದು ಮೊಣಕಾಲಿನ ಕೆಳಗೆ ಬಿಗಿದುಬಿಟ್ಟಳು. ಭೀಮರಾಜರ ಗಂಟೇ ಎಷ್ಟೋ ಮೇಲು ಎನಿಸಿತು.

ಅಷ್ಟರಲ್ಲಿ ಆದಿಲಕ್ಷ್ಮಿ ಬೇಲಿಯ ಬೇವಿನ ಮರದಿಂದ ಹಿಡಿ ಸೊಪ್ಪು ತರಿದು ತಂದಳು. ಹಾವು ಕಚ್ಚಿದವರಿಗೆ ಬೇವು ಕಹಿಯಾಗುವುದಿಲ್ಲ ಎಂದು ನಮ್ಮ ಹಿರಿಯರ ನಂಬಿಕೆ. ಸೊಪ್ಪನ್ನು ನನ್ನ ಬಾಯಿಗೆ ತುರುಕಿದರು, ದವಡೆ ಹಿಡಿದು ಅಗಿಸಿದರು. ಅಯ್ಯೋ ಆ ಕಹಿ! ಹೊಟ್ಟೆಯ ತಳಕ್ಕೆ ಇಳಿಯಿತು. ಕಹಿಯಾ ಕಣೇ, ಕಹಿಯಾ ಎಂದು ಇಬ್ಬರೂ ಕೇಳುತ್ತಿದ್ದಾರೆ, ನಾನು ಆ ಎರಡಕ್ಷರವನ್ನು ಬಾಯಿಯವರೆಗೆ ಎಳೆದು ತರುತ್ತಿದ್ದೇನೆ. ನನ್ನ ಉತ್ತರ ತಡವಾದದ್ದು ನೋಡಿ, ಕಹಿ ಗೊತ್ತಾಗ್ತಿಲ್ಲ, ಮುಗೀತು ಎಂದು ಆದಿಲಕ್ಷ್ಮಿ ಗೊಳೋ ಎಂದು ಅಳತೊಡಗಿದಳು. ಗಂಗರತ್ನಮ್ಮ ಇನ್ನೊಂದು ಹಿಡಿ ತುರುಕಲು ಕೈಯೆತ್ತಿದಳು. ಆ ಎರಡನೇ ಹಿಡಿಯ ಭಯಕ್ಕೆ ನನ್ನ ನಾಲಿಗೆ ಎಚ್ಚೆತ್ತಿತು.

"ಕಹಿ. ವಿಷದಂಥ ಕಹಿ. ಹಾವೂ ಇಲ್ಲ ಹಲ್ಲಿನೂ ಇಲ್ಲ, ಕಾಲು ಬಿಚ್ಚಿ."

ಗಂಗರತ್ನಮ್ಮ ನೆಲಕ್ಕೆ ಕೂತಳು. ಗಂಟು ಬಿಚ್ಚುತ್ತಲೇ, ಈ ಮೈ ಇಟ್ಕೊಂಡು ಯಾಕಮ್ಮ ಬಂದೆ, ನಿನ್ನ ಮುಯ್ಯಿ ಬಿಟ್ಟಿದೀನಿ ಅಂದೆನಲ್ಲ ಎಂದಳು. ಅದೇ ಮೆತ್ತನೆಯ ದನಿ. ನನಗೆ ಎಲ್ಲಿತ್ತೋ ಅಳು, ಬೇವಿನ ಸೊಪ್ಪಿನ ಜೊತೆಗೇ ಬಂದುಬಿಟ್ಟಿತು. ಸೊಪ್ಪು ಉಗಿಯುತ್ತಾ, ಅಳುತ್ತಾ, ನಡುವೆ ಉಸಿರು ತೆಗೆದುಕೊಳ್ಳುತ್ತಾ ಮಲಗಿದಲ್ಲಿಂದಲೇ ಹೇಳಿದೆ.

"ದೊಡ್ಡಮ್ಮ, ನಿನ್ ಬೋರಿಗೆ ತ್ರೀ ಫೇಸ್ ಕರೆಂಟ್ ದಿನಾಪೂರ್ತಿ ಇರ್ತದಾ? ಒಂದಷ್ಟು ಹೊತ್ತು ಕೊಡ್ತಾರೆ, ಆಮೇಲೆ ಸಿಂಗಲ್ ಫೇಸು. ಮನೇಲಿ ಬಲ್ಬು ಉರೀತದೆ, ಟೀವಿ ಓಡ್ತದೆ, ಮೋಟ್ರು ಮಾತ್ರ ತಿರುಗಲ್ಲ. ಬಲ್ಬು ಉರೀತಾ ಐತಲ್ಲ, ನಿಂಗೇನು ರೋಗ ಅಂತ ಮೋಟ್ರಿಗೆ ಬೈತೀಯಾ? ಮೋಟ್ರು ತಿರುಗಲಿಲ್ಲ ಅಂತ ಬೋರ್ ಮುಚ್ತೀಯಾ? ಕರೆಂಟ್ ಬಂದಾಗ ನೀರು ಬಿಡ್ತೀಯ ತಾನೆ. ನಂಗೂ ಅಷ್ಟೇ. ಬರ್ತದೆ, ಹೋಗ್ತದೆ. ಕೆಲವು ದಿನ ಬರೋದೇ ಇಲ್ಲ. ಬಂದಾಗ ಕರಿ. ನನ್ನ ಬಿಡಬೇಡ."

ಗಂಗರತ್ನಮ್ಮ ನನ್ನ ಮೂಗಿನ ಮೇಲಿದ್ದ ಕಾಯಿಯನ್ನು ಸರಿಸಿ, ಬಿಸಿಲು ಬೀಳದ ಹಾಗೆ ನನ್ನ ತಲೆಯ ಹತ್ತಿರ ಅಡ್ಡ ಕೂತಳು. ಆದಿಲಕ್ಷ್ಮಿ ಓಡಿಹೋಗಿ ಭೀಮರಾಜರನ್ನು ಕರೆತಂದಳು. ಅವರು ಟಿವಿಎಸ್ ತಂದು, ನನ್ನನ್ನು ನಡುವೆ ಕೂರಿಸಿ ಹಿಂದೆ ಆದಿಲಕ್ಷ್ಮಿಯನ್ನು ಆನಿಸಿ, ಇಬ್ಬರನ್ನೂ ಮನೆ ಸೇರಿಸಿದರು. ದಾರಿಯಲ್ಲಿ ಅವರು ಒಂದೇ ಮಾತು ಕೇಳಿದ್ದು, ಗಂಟು ಯಾರು ಹಾಕಿದ್ದು ಕಾಲು ಇಷ್ಟು ಕೆಂಪಾಗಿದೆಯಲ್ಲ ಎಂದು. ನಿಮ್ಮ ಶಿಷ್ಯೆ ಎಂದೆ.

ಅದಾದ ಮೇಲೆ ಹಾಸಿಗೆ ಬಿಡಲಾಗಲಿಲ್ಲ. ಭೀಮರಾಜ್ ಮಾಡಿದ ಸಾರು ತಿಂದುಕೊಂಡು, ಆ ಸಾರಿನ ಬಗ್ಗೆ ಹೆಚ್ಚು ಹೇಳುವುದು ಬೇಡ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ನಡುವೆ ಒಂದು ಬೆಳಿಗ್ಗೆ ಮುಯ್ಯಿಯ ಹೆಂಗಸರು ನಮ್ಮ ಮನೆಯ ಮುಂದೆಯೇ ಆದಿಲಕ್ಷ್ಮಿಯ ಹೊಲಕ್ಕೆ ಹೋದರು. ಬಳೆಯ ಸದ್ದು, ಬುತ್ತಿಯ ಡಬ್ಬಿಯ ಸದ್ದು, ಗಂಗರತ್ನಮ್ಮ ಯಾರಿಗೋ ಬೈಯುವ ಸದ್ದು ಎಲ್ಲ ಕೇಳಿಸಿತು. ನಮ್ಮ ಬಾಗಿಲ ಹತ್ತಿರ ಬಂದಾಗ ಎಲ್ಲರೂ ದನಿ ತಗ್ಗಿಸಿದರು. ರೋಗಿ ಮಲಗಿದ್ದಾಳೆಂದು. ನಾನು ಹೊದಿಕೆಯೊಳಗೆ ಕೈ ಕಚ್ಚಿಕೊಂಡು ಅತ್ತೆ. ತೋಟದಲ್ಲಿ ಅಷ್ಟೆಲ್ಲ ಹೇಳಿದ್ದು ನೀರಿನಲ್ಲಿ ಹೋಮ ಮಾಡಿದಂತಾಯಿತು ಎಂದುಕೊಂಡೆ.

ಅದಾಗಿ ಸ್ವಲ್ಪ ದಿನಕ್ಕೆ, ಇನ್ನೂ ಕಸ ಗುಡಿಸುವ ಹೊತ್ತಿನಲ್ಲಿ, ಬಾಗಿಲನ್ನು ಯಾರೋ ಧಡಧಡ ಬಡಿದರು. ಭೀಮರಾಜ್ ತೆಗೆಯುವ ಮುಂಚೆಯೇ ಗಂಗರತ್ನಮ್ಮ ಒಳಗಿದ್ದಳು. ತಲೆಗೆ ಟವೆಲ್ ಸುತ್ತಿ, ಸೀರೆ ಎತ್ತಿ ಕಟ್ಟಿ, ಕೆಲಸಕ್ಕೆ ಹೊರಟ ವೇಷ.

"ಏಳೇ. ನಂದು ಒಂದಾಳು ಬಾಕಿ ಐತೆ. ಬಿಸಿಲು ಬರೋಗಂಟ ಕಟ್ಟು, ಆಮೇಲೆ ಮನೆಗೆ ಬಂದು ಬಿದ್ಕೋ. ಮಿಕ್ಕಿದ್ದು ಇನ್ನೊಂದು ದಿನ."

ಖುಷಿಗೆ ಹೊದಿಕೆ ಕಿತ್ತೆಸೆದೆ. ಕಾಲನ್ನು ನೆಲಕ್ಕೆ ಇಟ್ಟೆ. ಇಟ್ಟ ಕೂಡಲೇ ಗೊತ್ತಾಯಿತು. ಎಲ್ಲ ದಿನ ಬಿಟ್ಟು ಇವತ್ತೇ ಮೈಯಲ್ಲಿ ಏನೂ ಇರಲಿಲ್ಲ. ಮಂಚದ ಅಂಚು ಹಿಡಿದು ಹಾಗೇ ಕೂತೆ. ಇವತ್ತು ಹೋದರೆ ಮತ್ತೆ ಸಾಲಿನ ನಡುವೆ ಮಲಗುತ್ತೇನೆ. ಹೋಗದಿದ್ದರೆ ಇವಳು ತಿರುಗಿ ಈ ಬಾಗಿಲಿಗೆ ಬರುವುದಿಲ್ಲ, ನನ್ನ ಹೆಸರು ಗುಂಪಿನಿಂದ ಹೋದ ಹಾಗೇ. ಭೀಮರಾಜ್ ನನ್ನ ಪರವಾಗಿ ಏನೋ ಹೇಳಲು ಬಾಯಿ ತೆರೆದರು, ಕಣ್ಣಿನಲ್ಲೇ ಬೇಡ ಎಂದೆ.

"ಇವತ್ತು ನಂಗೆ ಆಗಲ್ಲ ದೊಡ್ಡಮ್ಮ" ಎಂದೆ.

ಗಂಗರತ್ನಮ್ಮ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕನಿಕರವೇನಾದರೂ ಬರುತ್ತದೋ ಎಂದು ನಾನೂ ಅವಳ ಮುಖ ನೋಡಿದೆ.

"ಕರೆಂಟ್ ಇಲ್ಲಾಂತೀಯಾ?"

"ಇಲ್ಲ."

"ಹಾಗಾದ್ರೆ ನಾಳೆ ಬರ್ತೀನಿ. ನಾಳೆನೂ ಇಲ್ದಿದ್ರೆ ನಾಡಿದ್ದು ಬರ್ತೀನಿ. ಬಿಟ್ಟೆ ಅಂತ ಮಾತ್ರ ಅಂದ್ಕೋಬೇಡ."

ಅಷ್ಟು ಹೇಳಿ ಹೊಸ್ತಿಲು ದಾಟಿದಳು. ಬೀದಿಗೆ ಇಳಿದ ಮೇಲೆ ಅವಳ ಬಾಯಿ ತೆರೆಯಿತು ನೋಡಿ. ಈ ಅನಿತ ಒಂದಾಳು ಬಾಕಿ ಉಳಿಸಿಕೊಂಡು ರಾಣಿಯ ಹಾಗೆ ಮಂಚದ ಮೇಲೆ ಕೂತಿದ್ದಾಳೆ, ತನ್ನ ಮೂರನೇ ಸಾಲು ಅರ್ಧಕ್ಕೇ ನಿಂತಿದೆ, ಮುಳಬಾಗಿಲಿನವರೆಲ್ಲ ಹೀಗೇ ಎಂದು ಮನೆಮನೆಯ ಮುಂದೆ ನಿಂತು ಹೇಳಿಕೊಂಡು ಹೋದಳು. ಅರ್ಧ ದಾರಿಗೆ ತೆಲುಗು ಶುರುವಾಯಿತು. ಎದುರುಮನೆಯವರು ಹಲ್ಲುಜ್ಜುವುದನ್ನು ಬಿಟ್ಟು ಆಚೆ ಬಂದು ನಮ್ಮ ಮನೆಯ ಕಡೆ ನೋಡಿದರು.

ಭೀಮರಾಜ್‌ಗೆ ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ಬಾಗಿಲು ಹಾಕಲು ಓಡಿದರು. ನಾನು ಮಂಚದ ಮೇಲೆ ಕಾಲು ಚಾಚಿ ಮಲಗಿ, ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡೆ.

"ಹಾಕ್ಬೇಡಿ ರೀ" ಎಂದೆ. "ಊರಿಗೆಲ್ಲ ಕೇಳಿಸ್ಲಿ."